ಆಲಿಮರ ಓದು, ಊರಿನ ಪ್ರಶ್ನೆ

ಅಧ್ಯಕ್ಷರೆ, ದತ್ತಿ ಇಟ್ಟ ಮನೆತನದ ಹಿರಿಯರೆ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಿಂದ ಬಂದಿರುವ ಗೆಳೆಯರೆ,

ನಮ್ಮ ಜಿಲ್ಲೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಮುಲ್ಲಾ, ಖಾಜಿ, ಖತೀಬ, ಮುಜಾವರ, ಪೀರಜಾದೆ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಕನ್ನಡ ಮಾಸ್ತರನಾಗಿ ಈ ಹೆಸರುಗಳನ್ನು ದಿನಾಲೂ ಕೂಗಿದವನು ನಾನು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕೆಲಸವಿದೆ. ನಿಕಾಹ್ ಮಾಡಿಸಿ ದಫ್ತರದಲ್ಲಿ ಬರೆದುಕೊಳ್ಳುವವನು ಖಾಜಿ. ಹಿಂದೆ ವ್ಯಾಜ್ಯವನ್ನೂ ಅವನೇ ಬಗೆಹರಿಸುತ್ತಿದ್ದ. ಶುಕ್ರವಾರದ ಖುತ್ಬಾ ಓದುವವನು ಖತೀಬ. ದರ್ಗಾ ನೋಡಿಕೊಳ್ಳುವವನು ಮುಜಾವರ. ಇನ್ನು ಹಳ್ಳಿಯ ಮುಲ್ಲಾನಿಗೆ ಇಂಥದೇ ಕೆಲಸವೆಂದಿಲ್ಲ. ಮಕ್ಕಳಿಗೆ ಅರಬ್ಬಿ ಅಕ್ಷರ ತಿದ್ದಿಸುವುದು, ಸತ್ತವರ ಜನಾಜಾ ನಮಾಜು ಮಾಡಿಸುವುದು, ಕುರಿ ಹಲಾಲ್ ಮಾಡುವುದು, ಮೊಹರಮ್ಮಿನ ಅಲಾವಿ ಹಬ್ಬದಲ್ಲಿ ಊರ ಲಿಂಗಾಯತ, ಕುರುಬ ಹೆಣ್ಣುಮಕ್ಕಳು ತಂದ ಸಕ್ಕರೆ ಓದಿಸಿ ಕೊಡುವುದು ಎಲ್ಲವೂ ಅವನ ಪಾಲಿಗೆ. ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಎರಡೇ ಇದ್ದರೂ ಈ ಕೆಲಸ ನಿಂತಿಲ್ಲ.

ಈ ಹೆಸರುಗಳು ತಂದೆಯಿಂದ ಮಗನಿಗೆ ಬಂದವು. ವಿದ್ಯೆ ಹಾಗೆ ಬರುವುದಿಲ್ಲ. ಇಂದಿನ ಮಾತು ಈ ಎರಡರ ನಡುವಿನ ಅಂತರದ ಬಗ್ಗೆ.

ಇಸ್ಲಾಮಿನಲ್ಲಿ ಪುರೋಹಿತ ಪಟ್ಟವಿಲ್ಲ, ದೀಕ್ಷೆ ಇಲ್ಲ, ಮಠಾಧಿಪತಿ ಇಲ್ಲ. ನಮಾಜು ಮಾಡಿಸಲು ಇಂಥ ಕುಲದವನೇ ಆಗಬೇಕೆಂಬ ನಿಯಮವಿಲ್ಲ. ನಿಕಾಹ್‌ಗೆ ಸಾಕ್ಷಿ ಬೇಕು, ಒಪ್ಪಿಗೆ ಬೇಕು. ಮೌಲ್ವಿ ಇಲ್ಲದಿದ್ದರೂ ಅದು ಊರ್ಜಿತ. ಹಾಗಿದ್ದರೆ ಆಲಿಮ ಏಕೆ ಬೇಕು? ಓದಿದವನು ಬೇಕು ಎಂಬ ಒಂದೇ ಕಾರಣಕ್ಕೆ. ಪ್ರವಾದಿಗಳು ಬಿಟ್ಟುಹೋದ ಆಸ್ತಿ ವಿದ್ಯೆಯೇ, ಅದರ ವಾರಸುದಾರರು ವಿದ್ವಾಂಸರು ಎಂದು ಪರಂಪರೆ ನಂಬಿದೆ. ಆ ವಾರಸುದಾರಿಕೆಗೆ ಹಕ್ಕುಪತ್ರ ಓದು ಮಾತ್ರ.

ಹೊರಗಿನವರಿಗೆ ಗಡ್ಡ, ಟೊಪ್ಪಿಗೆ ಕಂಡರೆ ಎಲ್ಲರೂ ಮೌಲ್ವಿಗಳೇ. ಒಳಗಿನವರೂ ಹಾಫಿಜ್, ಆಲಿಮ, ಮುಫ್ತಿಗಳ ನಡುವಿನ ವ್ಯತ್ಯಾಸವನ್ನು ಈಚೆಗೆ ಮರೆಯುತ್ತಿದ್ದಾರೆ. ಕುರ್‌ಆನಿನ ಮೂವತ್ತು ಭಾಗಗಳನ್ನೂ ಬಾಯಿಪಾಠ ಮಾಡಿದವನು ಹಾಫಿಜ್. ರಂಜಾನಿನ ತರಾವೀಹ್ ನಮಾಜಿಗೆ ಅವನು ಬೇಕೇ ಬೇಕು. ಆದರೆ ಬಾಯಿಪಾಠವಿದ್ದ ಮಾತ್ರಕ್ಕೆ ಅವನಿಗೆ ಅರಬ್ಬಿ ಅರ್ಥವಾಗುತ್ತದೆ ಎಂದೇನಿಲ್ಲ. ವ್ಯಾಕರಣ, ಧರ್ಮಶಾಸ್ತ್ರ, ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್‌ಗಳನ್ನು ವರ್ಷಗಟ್ಟಲೆ ಓದಿದವನು ಆಲಿಮ. ಆಮೇಲೆ ಇನ್ನೂ ಒಂದೆರಡು ವರ್ಷ ಫತ್ವಾ ಬರೆಯುವ ತರಬೇತಿ ಪಡೆದವನು ಮುಫ್ತಿ. ಮುಫ್ತಿ ಹೇಳುವುದು ಅಭಿಪ್ರಾಯ, ಖಾಜಿ ಕೊಡುವುದು ತೀರ್ಪು. ಫತ್ವಾ ಇಷ್ಟವಾಗದವನು ಇನ್ನೊಬ್ಬ ಮುಫ್ತಿಯ ಬಳಿ ಹೋಗಬಹುದು. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟು ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ ಎಂದು ಹೇಳಿದಾಗ ಟಿವಿಯವರು ಭೂಕಂಪವಾದಂತೆ ಕೂಗಾಡಿದರು. ಹಳೆಯ ಧರ್ಮಶಾಸ್ತ್ರ ಓದಿದವರಿಗೆ ಅದರಲ್ಲಿ ಹೊಸದೇನೂ ಕಂಡಿರಲಾರದು.

ನಮ್ಮ ಭಾಗದ ಖಾಜಿಗಳ ಕಥೆ ಸ್ವಲ್ಪ ಕೇಳಿ. ಆದಿಲಶಾಹಿಯಲ್ಲಿ, ಆಮೇಲೆ ಸವಣೂರ ನವಾಬರ ಕಾಲದಲ್ಲಿ ಖಾಜಿ ಎಂದರೆ ಸರಕಾರದ ಮನುಷ್ಯ. ಸನದು ಇರುತ್ತಿತ್ತು, ಇನಾಂ ಜಮೀನು ಇರುತ್ತಿತ್ತು. ಇಂಗ್ಲಿಷರು ಬಂದ ಮೇಲೂ ಕೆಲಕಾಲ ಮೌಲ್ವಿಗಳು ಕೋರ್ಟುಗಳಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಕೂತು ಶಾಸ್ತ್ರ ಹೇಳುತ್ತಿದ್ದರು. 1864ರಲ್ಲಿ ಆ ಹುದ್ದೆಯೇ ಹೋಯಿತು. ಖಾಜಿಗಳನ್ನು ನೇಮಿಸುವ ಕೆಲಸವನ್ನೂ ಸರಕಾರ ಕೈಬಿಟ್ಟಿತು. ಮದುವೆ ಬರೆಯುವವರು ಯಾರು ಎಂಬ ತಕರಾರು ಎದ್ದು 1880ರಲ್ಲಿ ಖಾಜಿಗಳ ಕಾಯಿದೆ ಬಂತು. ಜನ ಬಯಸಿದ ಕಡೆ ಸರಕಾರ ಖಾಜಿಯನ್ನು ನೇಮಿಸಬಹುದು, ಆದರೆ ಅವನಿಗೆ ನ್ಯಾಯ ತೀರ್ಮಾನದ ಅಧಿಕಾರವಿಲ್ಲ ಎಂದಿತು ಆ ಕಾಯಿದೆ. ತೀರ್ಪು ಹೋಯಿತು, ದಫ್ತರ ಉಳಿಯಿತು. ಕೋರ್ಟಿನಲ್ಲಿ ಮುಸ್ಲಿಂ ಕಾನೂನಿನ ಮಾತು ಬಂದರೆ ಹಾವೇರಿಯ ವಕೀಲರು ಇಂದಿಗೂ ‘ಮುಲ್ಲಾ ಏನಂತಾನ ನೋಡ್ರಿ’ ಎನ್ನುತ್ತಾರೆ. ಆ ಮುಲ್ಲಾ ಮಸೀದಿಯವನಲ್ಲ. ದಿನ್‌ಶಾ ಫರ್ದುನ್‌ಜೀ ಮುಲ್ಲಾ ಎಂಬ, ಮುಸ್ಲಿಂ ಕಾನೂನಿನ ಪುಸ್ತಕ ಬರೆದ ಮುಂಬಯಿಯ ಪಾರ್ಸಿ ವಕೀಲ! ಶಾಸ್ತ್ರ ಮಸೀದಿಯಿಂದ ಎದ್ದು ಕಾನೂನು ಪುಸ್ತಕದ ಅಂಗಡಿಗೆ ಹೋದದ್ದು ಹೀಗೆ.

ಅಧಿಕಾರ ಹೋದ ಮೇಲೆ ಆಲಿಮರಿಗೆ ಉಳಿದದ್ದು ಮದರಸಾ. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂಬುದು ನನ್ನ ಎಣಿಕೆ.

ನಮ್ಮ ನಾಡಿಗೆ ಮದರಸಾ ಹೊಸದಲ್ಲ. ಬೀದರಿನಲ್ಲಿ ಮಹಮೂದ ಗವಾನ 1472ರ ಹೊತ್ತಿಗೆ ಕಟ್ಟಿಸಿದ ಮೂರಂತಸ್ತಿನ ಮದರಸಾದ ಅರ್ಧ ಭಾಗ ಇನ್ನೂ ನಿಂತಿದೆ. ಆದರೆ ಇಂದಿನ ಮದರಸಾದ ಪಠ್ಯ ಬೀದರಿನದಲ್ಲ, ಲಖನೌದ್ದು. ಅಲ್ಲಿಯ ಫರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್ ರೂಪಿಸಿದ ಪಾಠಕ್ರಮಕ್ಕೆ ‘ದರ್ಸೆ ನಿಜಾಮಿ’ ಎಂದು ಹೆಸರು. ಅವರು ತೀರಿಕೊಂಡದ್ದು 1748ರಲ್ಲಿ. ಆಗ ಅದರಲ್ಲಿ ವ್ಯಾಕರಣ, ತರ್ಕ, ತತ್ವಶಾಸ್ತ್ರಗಳದೇ ಮೇಲುಗೈ. ರಾಜರ ಕಚೇರಿಗೆ ಬುದ್ಧಿವಂತ ಗುಮಾಸ್ತರು, ಖಾಜಿಗಳು ಬೇಕಾಗಿದ್ದರು. 1866ರಲ್ಲಿ ದೇವಬಂದದಲ್ಲಿ ದಾರುಲ್ ಉಲೂಮ್ ಶುರುವಾದಾಗ ಹದೀಸ್‌ಗೆ ಒತ್ತು ಬಂತು, ತರ್ಕ ಹಿಂದೆ ಸರಿಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ತರಗತಿ, ಪರೀಕ್ಷೆ, ವಸತಿ, ಗೊತ್ತಾದ ಪಠ್ಯ ಬಂದದ್ದು. ಅದುವರೆಗೆ ಹುಡುಗ ಒಬ್ಬ ಗುರುವಿನ ಮನೆಗೆ ಹೋಗಿ ಒಂದು ಗ್ರಂಥ ಮುಗಿಸಿ ಅದನ್ನು ಪಾಠ ಹೇಳಲು ಅನುಮತಿ ಪಡೆಯುತ್ತಿದ್ದ. ಅದಕ್ಕೆ ಇಜಾಜತ್ ಎನ್ನುತ್ತಾರೆ. ದೇವಬಂದ ಅದನ್ನು ಶಾಲೆಯಾಗಿ ಮಾಡಿತು. ಹಣಕ್ಕೆ ನವಾಬರ ಬಾಗಿಲಿಗೆ ಹೋಗಲಿಲ್ಲ, ಸರಕಾರದ ಮುಂದೆ ಕೈಚಾಚಲಿಲ್ಲ. ಬಡವರ ಸಣ್ಣ ಚಂದಾ ಸಾಕು, ಶ್ರೀಮಂತರ, ಸರಕಾರದ ಪಾಲುದಾರಿಕೆ ಅಪಾಯ ಎಂದು ಸ್ಥಾಪಕರಲ್ಲೊಬ್ಬರಾದ ಮುಹಮ್ಮದ್ ಖಾಸಿಂ ನಾನೌತವಿ ಬರೆದಿಟ್ಟರು.

ಇಲ್ಲಿ ನನಗೆ ನಮ್ಮ ಹಾನಗಲ್ಲ ಕುಮಾರ ಸ್ವಾಮಿಗಳ ನೆನಪಾಗುತ್ತದೆ. ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿದ ಅವರು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿ, ವಟುಗಳಿಗೆ ಕ್ರಮವಾದ ಓದು ಕೊಡಿಸಿದರು. ದೀಕ್ಷೆ ಹುಟ್ಟಿನಿಂದ ಬರಬಹುದು, ವಿದ್ಯೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಲ್ಲಿಯೂ ನಡೆದದ್ದು ಭಕ್ತರ ಜೋಳಿಗೆಯಿಂದಲೇ. ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಅರಸೊತ್ತಿಗೆ ಹೋಗಿ ಇಂಗ್ಲಿಷರ ಶಾಲೆ ಬಂದ ಕಾಲದಲ್ಲಿ ಧರ್ಮದ ಪಂಡಿತನನ್ನು ಯಾರು ತಯಾರು ಮಾಡಬೇಕು, ಅವನಿಗೆ ಊಟ ಯಾರು ಹಾಕಬೇಕು ಎಂಬ ಒಂದೇ ಪ್ರಶ್ನೆ ಎರಡು ಕಡೆ ಎದ್ದಿತ್ತು.

ನಮ್ಮ ಓಣಿಯ ಹುಡುಗ ಆಲಿಮ ಆಗುವುದು ಹೇಗೆ? ಮೊದಲು ಮಸೀದಿಯ ಮಕ್ತಬ್. ಬೆಳಿಗ್ಗೆ ಶಾಲೆಗೆ ಮುಂಚೆ ಇಲ್ಲವೆ ಸಂಜೆ, ಹಜರತ್, ಅಂದರೆ ಇಮಾಮರ ಮುಂದೆ ಕೂತು ಅಕ್ಷರ ಕಲಿಸುವ ಖಾಯಿದಾ ಓದುವುದು, ಕುರ್‌ಆನ್ ನೋಡಿ ಓದಲು ಕಲಿಯುವುದು. ಹೆಣ್ಣುಮಕ್ಕಳು, ಗಂಡುಮಕ್ಕಳು ಬಹುತೇಕ ಎಲ್ಲರೂ ಇಷ್ಟು ಓದುತ್ತಾರೆ, ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಕೆಲವರು ಹಿಫ್ಜ್‌ಗೆ ಸೇರುತ್ತಾರೆ, ಎರಡು ಮೂರು ವರ್ಷ. ಆಮೇಲೆ ಆಲಿಮ್ ಕೋರ್ಸು, ಸಾಮಾನ್ಯವಾಗಿ ಏಳೆಂಟು ವರ್ಷ. ಅದಕ್ಕೆ ಊರು ಬಿಡಬೇಕು. ಬೆಂಗಳೂರಿನ ದಾರುಲ್ ಉಲೂಮ್ ಸಬೀಲುರ್ ರಶಾದ್ 1960ರಲ್ಲಿ ಶುರುವಾಯಿತು. ಅಲ್ಲಿ ಓದಿದವರು ಹೆಸರಿನ ಮುಂದೆ ರಶಾದಿ ಎಂದು ಹಚ್ಚಿಕೊಳ್ಳುತ್ತಾರೆ. ವೆಲ್ಲೂರಿನ ಬಾಖಿಯಾತ್‌ನಲ್ಲಿ ಓದಿದರೆ ಬಾಖವಿ, 1924ರಲ್ಲಿ ಶುರುವಾದ ಉಮರಾಬಾದಿನ ದಾರುಸ್ಸಲಾಮ್‌ನಲ್ಲಿ ಓದಿದರೆ ಉಮರಿ, ದೇವಬಂದದವರು ಖಾಸ್ಮಿ, ಲಖನೌ ನದ್ವಾದವರು ನದ್ವಿ, ಮುಬಾರಕಪುರದವರು ಮಿಸ್ಬಾಹಿ. ಮಸೀದಿಯ ಬೋರ್ಡಿನ ಮೇಲೆ ಇಮಾಮರ ಹೆಸರು ನೋಡಿದರೆ ಅವರ ಕಾಲೇಜು ಗೊತ್ತಾಗುತ್ತದೆ, ಬಲ್ಲವರಿಗೆ ಅವರ ಪಂಥವೂ ಗೊತ್ತಾಗುತ್ತದೆ. ದರ್ಗಾದ ಉರುಸಿನ ಬಗ್ಗೆ ಅವರು ಏನು ಹೇಳುತ್ತಾರೆಂದು ಮೊದಲೇ ಊಹಿಸಬಹುದು! ಆ ಜಗಳಕ್ಕೆ ಇವತ್ತು ನಾನು ಹೋಗುವುದಿಲ್ಲ.

ಒಳಗೆ ಓದುವುದೇನು? ಮೊದಲೆರಡು ವರ್ಷ ಅರಬ್ಬಿ ಶಬ್ದರೂಪ, ವಾಕ್ಯರಚನೆ. ನಮ್ಮಲ್ಲಿ ಹಿಂದೆ ಅಮರಕೋಶ, ಶಬ್ದರೂಪಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರಲ್ಲ, ಅದೇ ಪದ್ಧತಿ. ಆಮೇಲೆ ಫಿಕ್ಹ್, ಅಂದರೆ ಧರ್ಮಶಾಸ್ತ್ರ: ಖುದೂರಿ, ಶರಹ ವಿಖಾಯಾ, ಕೊನೆಗೆ ಮರ್ಗೀನಾನಿಯ ಹಿದಾಯಾ. ಶಾಸ್ತ್ರದ ಸೂತ್ರಗಳನ್ನು ಹೇಗೆ ತೆಗೆಯಬೇಕೆಂಬ ಉಸೂಲ್. ಕುರ್‌ಆನ್ ವ್ಯಾಖ್ಯಾನಕ್ಕೆ ಜಲಾಲೈನ್. ಕೊನೆಯ ವರ್ಷ ಬುಖಾರಿ, ಮುಸ್ಲಿಂ ಮೊದಲಾದ ಆರು ಹದೀಸ್ ಸಂಗ್ರಹಗಳ ಪಾರಾಯಣ. ಮುಗಿದ ದಿನ ತಲೆಗೆ ಪೇಟ ಸುತ್ತುತ್ತಾರೆ, ದಸ್ತಾರ್‌ಬಂದಿ. ಊರಿಂದ ಅಪ್ಪ, ಕಾಕಾ, ಮಾಮಾ ಎಲ್ಲರೂ ಹೋಗುತ್ತಾರೆ. ಹನ್ನೆರಡನೆಯ ಶತಮಾನದ ಹಿದಾಯಾವನ್ನು ಮೂಲ ಅರಬ್ಬಿಯಲ್ಲಿ ಓದಿ ವಾದ ಮಾಡಬಲ್ಲ ಹುಡುಗನನ್ನು ‘ಏನೂ ಓದಿಲ್ಲ, ಮದರಸಾ ಕಲಿತಾನ’ ಎಂದು ನಾವು ಹೇಳುತ್ತೇವೆ. ಈ ಮಾತು ತಪ್ಪು. ಅವನು ಓದಿದ್ದಾನೆ. ಓದಿದ್ದು ಎಲ್ಲಿ ಬಳಕೆಯಾಗಬೇಕು ಎಂಬುದನ್ನು ಯಾರೂ ಅವನಿಗೆ ತೋರಿಸಲಿಲ್ಲ, ಅಷ್ಟೆ.

ಅದು ಎಲ್ಲಿ ಬಳಕೆಯಾಗಬೇಕೆಂದು ನೋಡಲು ಮೆಣಸಿನಕಾಯಿ ಪೇಟೆಯ ಬ್ಯಾಡಗಿಗೆ ಬನ್ನಿ. ಹಿದಾಯಾದಲ್ಲಿ ನಮಾಜು, ಉಪವಾಸದ ಅಧ್ಯಾಯಗಳಿಗಿಂತ ವ್ಯಾಪಾರ, ಅಡವು, ಪಾಲುಗಾರಿಕೆ, ಬಾಡಿಗೆ, ಸಾಲಗಳ ಅಧ್ಯಾಯಗಳೇ ಹೆಚ್ಚು ಜಾಗ ತಿನ್ನುತ್ತವೆ. ಈ ಗ್ರಂಥ ಅನುಸರಿಸುವ ಹನಫಿ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಸ್ವತಃ ಕೂಫಾ ಪೇಟೆಯ ರೇಷ್ಮೆ ಬಟ್ಟೆಯ ವ್ಯಾಪಾರಿ. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರ ದೋಷ ಹೇಳದೆ ಮಾರಿಬಿಟ್ಟನೆಂದು ತಿಳಿದು ಆ ಹಣವನ್ನೆಲ್ಲ ದಾನ ಕೊಟ್ಟರೆಂದು ಅವರ ಚರಿತ್ರೆಕಾರರು ಬರೆಯುತ್ತಾರೆ. ಪ್ರವಾದಿಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿ, ಒಳಗೆ ತೇವ ಕಂಡು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಹದೀಸ್‌ಗಳಲ್ಲಿದೆ. ತೂಕಕ್ಕಾಗಿ ಮೆಣಸಿನಕಾಯಿಗೆ ನೀರು ಹೊಡೆಯುವ ವಿದ್ಯೆ ಗೊತ್ತಿರುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಶುಕ್ರವಾರದ ಬಯಾನ್ (ಪ್ರವಚನ) ಯಾವುದಿದೆ?

ಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಹಳ್ಳಿಯಿಂದ ಮಾಲು ತರುವವನಿಗೆ ಪೇಟೆಯ ದರ ಗೊತ್ತಾಗುವ ಮೊದಲೇ ದಾರಿಯಲ್ಲಿ ಅಡ್ಡಹಾಕಿ ಕೊಳ್ಳಬಾರದು ಎಂಬ ನಿಷೇಧವಿದೆ. ಕೊಳ್ಳುವ ಮನಸ್ಸಿಲ್ಲದೆ ದರ ಏರಿಸಲು ಸುಳ್ಳು ಸವಾಲು ಕೂಗಬಾರದು ಎಂಬ ನಿಷೇಧವಿದೆ. ಮುಂಗಡ ಕೊಟ್ಟು ಬೆಳೆ ಕೊಳ್ಳುವುದಕ್ಕೆ ಸಲಮ್ ಎಂಬ ಒಪ್ಪಂದವಿದೆ. ಅದಕ್ಕೆ ಹನಫಿ ಶಾಸ್ತ್ರ ಹಾಕಿದ ಷರತ್ತುಗಳು ಬಿಗಿ: ಜಾತಿ, ಗುಣಮಟ್ಟ, ತೂಕ, ಕೊಡುವ ದಿನ ಎಲ್ಲ ಮೊದಲೇ ಗೊತ್ತಾಗಬೇಕು, ಪೂರ್ತಿ ಹಣ ಆ ಕೂಟದಲ್ಲೇ ಕೈಗೆ ಬರಬೇಕು, ಇಂಥ ಹೊಲದ್ದೇ ಎಂದು ಗುರುತು ಹಾಕುವಂತಿಲ್ಲ, ಏಕೆಂದರೆ ಆ ಹೊಲ ಬಾರದೆ ಹೋಗಬಹುದು. ಮೆಣಸಿನಕಾಯಿಯ ಜಾತಿ ಡಬ್ಬಿಯೋ ಕಡ್ಡಿಯೋ, ಎಷ್ಟು ಕ್ವಿಂಟಲು, ಯಾವ ತಾರೀಖು ಎಂದು ಬರೆಯದೆ ರೈತನಿಗೆ ಮುಂಗಡ ಕೊಟ್ಟು ಕಟ್ಟಿಹಾಕುವ ವ್ಯವಹಾರ ಈ ಶಾಸ್ತ್ರದ ಪ್ರಕಾರ ನಿಲ್ಲುವುದೇ ಇಲ್ಲ.

ಕೋಲ್ಡ್ ಸ್ಟೋರೇಜಿನ ಪ್ರಶ್ನೆ ಇನ್ನೂ ಕುತೂಹಲದ್ದು. ದರ ಏರಲೆಂದು ಮಾಲು ಕೂಡಿಡುವುದು ದೋಷ ಎಂಬುದರಲ್ಲಿ ಒಮ್ಮತವಿದೆ. ಯಾವ ಮಾಲು ಎಂಬಲ್ಲಿ ಭಿನ್ನಾಭಿಪ್ರಾಯ. ಅಬೂ ಹನೀಫಾ ಅದನ್ನು ಮನುಷ್ಯರ, ದನಕರುಗಳ ಆಹಾರಕ್ಕೆ ಸೀಮಿತ ಮಾಡಿದರು. ಅವರ ಶಿಷ್ಯ ಅಬೂ ಯೂಸುಫ್ ಯಾವುದನ್ನು ಕೂಡಿಟ್ಟರೆ ಜನರಿಗೆ ತೊಂದರೆಯೋ ಅದೆಲ್ಲವೂ ಸೇರುತ್ತದೆ ಎಂದರು. ಒಣಮೆಣಸಿನಕಾಯಿ ಯಾವ ಕಡೆ? 2011ರಲ್ಲಿ ಭೌಗೋಳಿಕ ಗುರುತು ಪಡೆದ, ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುವ ಈ ಮಾಲನ್ನು ಆಹಾರ ಎನ್ನಬೇಕೋ, ಕಚ್ಚಾ ಸಾಮಗ್ರಿ ಎನ್ನಬೇಕೋ? ರೈತ ತನ್ನ ಬೆಳೆಯನ್ನೇ ಇಟ್ಟುಕೊಳ್ಳುವುದೂ ವ್ಯಾಪಾರಿ ಕೊಂಡು ಇಟ್ಟುಕೊಳ್ಳುವುದೂ ಒಂದೇ ಏನು? ಅಲ್ಲಿಟ್ಟ ಸರಕಿನ ಮೇಲೆ ನೂರಕ್ಕೆ ಎರಡೂವರೆ ಜಕಾತ್ ಲೆಕ್ಕ ಹಾಕುವುದು ಇಟ್ಟ ದಿನದ ದರಕ್ಕೋ ಇವತ್ತಿನ ದರಕ್ಕೋ? 2024ರ ಮಾರ್ಚಿನಲ್ಲಿ ದರ ಕುಸಿದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯ ಕಚೇರಿಗೆ ಬೆಂಕಿ ಹಚ್ಚಿದ್ದನ್ನು ನಾವು ಮರೆತಿಲ್ಲ. ಅಂಥ ಊರಿನಲ್ಲಿ ಇವು ಪುಸ್ತಕದ ಪ್ರಶ್ನೆಗಳಲ್ಲ.

ಇವಕ್ಕೆ ಉತ್ತರ ಹೇಳಬೇಕಾದವನು ಆಲಿಮ. ಹೇಳಬೇಕಾದರೆ ಅವನಿಗೆ ಹಿದಾಯಾ ಎಷ್ಟು ಗೊತ್ತಿರಬೇಕೋ ಪೇಟೆಯೂ ಅಷ್ಟೇ ಗೊತ್ತಿರಬೇಕು. ಇದು ನನ್ನ ಮಾತಲ್ಲ. ದಮಸ್ಕದ ಇಬ್ನ್ ಆಬಿದೀನ್ ಹನಫಿ ಪಂಥದ ಕೊನೆಯ ದೊಡ್ಡ ಶಾಸ್ತ್ರಕಾರರಲ್ಲೊಬ್ಬರು, 1836ರಲ್ಲಿ ತೀರಿಕೊಂಡವರು. ಊರಿನ ರೂಢಿಯನ್ನು ಕುರಿತೇ ಅವರು ಒಂದು ಪ್ರಬಂಧ ಬರೆದರು. ಕಾಲ ಬದಲಾದಂತೆ ರೂಢಿ ಬದಲಾಗುತ್ತದೆ, ರೂಢಿಯ ಮೇಲೆ ನಿಂತ ತೀರ್ಮಾನವೂ ಬದಲಾಗುತ್ತದೆ, ತನ್ನ ಕಾಲದ ಜನರ ನಡವಳಿಕೆ ತಿಳಿಯದ ಮುಫ್ತಿ ಪುಸ್ತಕ ನೋಡಿ ಫತ್ವಾ ಕೊಟ್ಟರೆ ಜನರ ಹಕ್ಕು ಹಾಳುಮಾಡುತ್ತಾನೆ ಎಂಬುದು ಅವರ ವಾದ. ಪರಂಪರೆಯೇ ಹೀಗೆನ್ನುವಾಗ ಆಲಿಮ ಓದಿನ ಎಂಟು ವರ್ಷದಲ್ಲಿ ಒಂದು ತಿಂಗಳಾದರೂ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ, ರಾಣೇಬೆನ್ನೂರಿನ ಬೀಜದ ಕಂಪನಿಗಳ ಒಪ್ಪಂದದ ಕಾಗದಗಳ ನಡುವೆ ಕೂರಬಾರದೇಕೆ?

ಮುಂದಿನ ತೊಡಕು ಭಾಷೆಯದು. ಈ ಮೂರೂ ಊರುಗಳ ಮಸೀದಿಗಳಲ್ಲಿ ಖುತ್ಬಾ ಅರಬ್ಬಿಯಲ್ಲಿ, ಅದರ ಮೊದಲಿನ ಬಯಾನ್ ಹೆಚ್ಚಾಗಿ ಉರ್ದುವಿನಲ್ಲಿ. ಮದರಸಾದ ಉರ್ದು ಲಖನೌದ್ದು. ನಮ್ಮ ಓಣಿಯ ಉರ್ದು ದಖನಿ, ಅದರಲ್ಲಿ ಅರ್ಧ ಕನ್ನಡ. ನದಾಫ, ಪಿಂಜಾರ ಮನೆಗಳಲ್ಲಿ ಕನ್ನಡವೇ ಮನೆಮಾತಾಗಿರುವುದೂ ಉಂಟು. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಕೂತು ಕೇಳುತ್ತಾನೆ, ತಲೆದೂಗುತ್ತಾನೆ, ಎದ್ದು ಹೋಗುತ್ತಾನೆ. ಸಂದೇಹ ಬಂದರೆ ಮೊಬೈಲಿನಲ್ಲಿ ಯಾವುದೋ ದೇಶದ ಯಾರದೋ ಭಾಷಣ ಹುಡುಕುತ್ತಾನೆ. ಓಣಿಯ ಆಲಿಮನಿಗೆ ಇದಕ್ಕಿಂತ ದೊಡ್ಡ ಸೋಲಿಲ್ಲ.

ಕರಾವಳಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋದರು. ಮನೆಯಲ್ಲಿ ಬ್ಯಾರಿ ಆಡುವವರು, ಮಲಯಾಳದ ಮದರಸಾಗಳ ನೆರಳಲ್ಲಿ ಓದಿದವರು, ಬರೆಯುವಾಗ ಕನ್ನಡ ಹಿಡಿದರು. ಮಂಗಳೂರಿನಿಂದ ಸನ್ಮಾರ್ಗ ವಾರಪತ್ರಿಕೆ 1978ರಿಂದ ಬರುತ್ತಿದೆ. ಕುರ್‌ಆನಿನ ಕನ್ನಡ ಅನುವಾದಗಳೂ ಅಲ್ಲಿಂದ ಬಂದಿವೆ. ನಮ್ಮಲ್ಲಿ ಕನ್ನಡದ ಮಾತು ಬಂದರೆ ಎಲ್ಲರೂ ಶಿಗ್ಗಾವಿ ತಾಲೂಕಿನ ಶಿಶುನಾಳಕ್ಕೆ ಓಡುತ್ತಾರೆ. ಶರೀಫರ ಹೆಸರು ಹೇಳಿ ಕೈಮುಗಿದರೆ ಮುಗಿಯಿತು! ಶರೀಫರು 1889ರಲ್ಲಿ ತೀರಿಕೊಂಡರು. ಅವರು ಅನುಭಾವಿ, ಶಾಸ್ತ್ರ ಹೇಳುವ ಕೆಲಸ ಅವರದಾಗಿರಲಿಲ್ಲ. ನಿಕಾಹ್, ತಲಾಖ್, ಆಸ್ತಿ ಪಾಲು, ಮುಂಗಡದ ಕರಾರುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಗದ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕಿದೆ. ಭಾಷೆಯ ಬಗ್ಗೆ ಶಾಸ್ತ್ರದ ಹೆದರಿಕೆ ಬೇಡ. ಪರ್ಷಿಯನ್ನರು ನಮಾಜಿನಲ್ಲೇ ತಮ್ಮ ಭಾಷೆಯಲ್ಲಿ ಓದಬಹುದೇ ಎಂಬ ಪ್ರಶ್ನೆಯನ್ನು ಅಬೂ ಹನೀಫಾ ಮತ್ತು ಅವರ ಶಿಷ್ಯರು ಎಂಟನೆಯ ಶತಮಾನದಲ್ಲೇ ಚರ್ಚಿಸಿದ್ದರು. ಗುರು ಸಡಿಲ, ಶಿಷ್ಯರು ಬಿಗಿ. ಗುರು ಆಮೇಲೆ ಶಿಷ್ಯರ ಮಾತಿಗೆ ಬಂದರಂತೆ. ನಮಾಜಿನ ಮಾತು ಬಿಡಿ, ಬಯಾನ್‌ಗೆ ಕನ್ನಡ ಬೇಡವೆಂದು ಯಾವ ಗ್ರಂಥವೂ ಹೇಳಿಲ್ಲ.

ಹೆಣ್ಣುಮಕ್ಕಳ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುವಂಥದಲ್ಲ, ಆದರೂ ಬಿಡಲಾರೆ. ಹನ್ನೊಂದನೆಯ ಶತಮಾನದ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಎಂಬಾಕೆ ಬುಖಾರಿ ಗ್ರಂಥದ ಪಾಠ ಹೇಳುತ್ತಿದ್ದರು. ಬಗ್ದಾದಿನ ದೊಡ್ಡ ಚರಿತ್ರೆಕಾರ ಖತೀಬ್ ಆಕೆಯ ಮುಂದೆ ಕೂತು ಓದಿದರು. ಈಗ ಆಲಿಮಾ ಕೋರ್ಸಿನ ಹೆಣ್ಣುಮಕ್ಕಳ ಮದರಸಾಗಳು ನಮ್ಮ ಕಡೆಯೂ ಬಂದಿವೆ. ಓದಿ ಬಂದ ಹುಡುಗಿಗೆ ಮದುವೆಯ ನಂತರ ಆ ಓದಿನ ಕೆಲಸವಿಲ್ಲ. ತಲಾಖಿನ ಪಂಚಾಯ್ತಿ ಕೂತಾಗ ಅವಳನ್ನು ಕರೆದು ಕೇಳುವ ಜಮಾತು ಎಲ್ಲಿದೆ?

ಕೊನೆಗೆ ಸಂಬಳ. ಅಬೂ ಹನೀಫಾ ಖಲೀಫನ ನ್ಯಾಯಾಧೀಶ ಹುದ್ದೆ ಬೇಡವೆಂದು ಜೈಲು ಕಂಡರು. ಅವರಿಗೆ ಬಟ್ಟೆ ಅಂಗಡಿ ಇತ್ತು. ನಮ್ಮ ಇಮಾಮನಿಗೆ ಏನಿದೆ? ಸುಪ್ರೀಂ ಕೋರ್ಟು 1993ರಲ್ಲಿ ಇಮಾಮರಿಗೆ ಸಂಬಳ ಕೊಡುವ ವ್ಯವಸ್ಥೆ ಮಾಡಿ ಎಂದು ವಕ್ಫ್ ಮಂಡಳಿಗಳಿಗೆ ಹೇಳಿತು. ನಮ್ಮ ರಾಜ್ಯದಲ್ಲಿ 2025ರ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನ ತಿಂಗಳಿಗೆ 6,000, ಮುಅಜ್ಜಿನರದು 5,000 ಎಂದಾಯಿತು. ಉಳಿದದ್ದು ಜಮಾತಿನ ಚಂದಾ. ಮಸೀದಿ ಕಮಿಟಿಯ ಅಧ್ಯಕ್ಷರಿಗೆ ಹಿಡಿಸದ ಮಾತನ್ನು ಶುಕ್ರವಾರ ಹೇಳಿದ ಇಮಾಮ ಮುಂದಿನ ತಿಂಗಳು ಬೇರೆ ಊರು ಹುಡುಕಿಕೊಳ್ಳುವುದನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಮಾರ್ಬಲ್ ಹಾಸಲು ಲಕ್ಷಗಟ್ಟಲೆ ಕೂಡುತ್ತದೆ, ಹಜರತ್ ಮನೆ ಬಾಡಿಗೆಗೆ ಕೂಡುವುದಿಲ್ಲ. ಮೆಣಸಿನಕಾಯಿಯ ತೇವದ ಬಗ್ಗೆ ಅವನು ಬಾಯಿ ತೆರೆಯದಿದ್ದರೆ ಅವನನ್ನು ಬಯ್ಯುವ ಮೊದಲು ಅವನ ಸಂಬಳದ ಚೀಟಿ ನೋಡಬೇಕು. ಚೀಟಿ ಇದ್ದರೆ!

ಈ ಮೂರು ಊರಿನ ಜಮಾತುಗಳವರಲ್ಲಿ ನನ್ನ ವಿನಂತಿ ಇಷ್ಟು. ಇಮಾಮರಿಗೆ ಕಾಗದದ ಮೇಲೆ ಕರಾರು, ತಕ್ಕ ಸಂಬಳ ಕೊಡಿ. ಒಬ್ಬರ ಸಿಟ್ಟಿಗೆ ಅವರ ಕೆಲಸ ಹೋಗದಂತೆ ನೋಡಿಕೊಳ್ಳಿ. ಕಾಲೇಜುಗಳಲ್ಲಿರುವ ಕನ್ನಡ ಅಧ್ಯಾಪಕರು ಆಲಿಮರಿಗೆ ಸಂಜೆಯ ಕನ್ನಡ ತರಗತಿ ನಡೆಸಲಿ. ಪ್ರತಿಯಾಗಿ ಅವರಿಂದ ಹಿದಾಯಾದ ವ್ಯಾಪಾರದ ಅಧ್ಯಾಯ ಕನ್ನಡಕ್ಕೆ ಬರಲಿ. ದತ್ತಿ ಇಟ್ಟ ಮನೆತನದವರಲ್ಲಿಯೂ ಒಂದು ಮಾತು: ಮುಂದಿನ ವರ್ಷದ ಉಪನ್ಯಾಸವನ್ನು ಬ್ಯಾಡಗಿಯಲ್ಲಿ, ಮಾರುಕಟ್ಟೆಯ ಆವಾರದಲ್ಲಿಯೇ ಇಡಿ. ನನ್ನಂಥ ಮಾಸ್ತರರನ್ನು ಕರೆಯಬೇಡಿ. ಎಂಟು ವರ್ಷ ಈ ವಿದ್ಯೆ ಓದಿಬಂದ ನಮ್ಮ ಜಿಲ್ಲೆಯ ಒಬ್ಬ ಆಲಿಮರನ್ನು ಕರೆದು, ಮುಂಗಡದ ಕರಾರಿನ ಬಗ್ಗೆ ರೈತರು, ದಲಾಲರ ಮುಂದೆ ಕನ್ನಡದಲ್ಲಿ ಮಾತಾಡಲು ಹೇಳಿ.